ಗೋಡೆಯ ಹದಿನೆಂಟು ಚುಕ್ಕೆ

ಕಡಲದಂಡೆಯ ಬಾಡ ಎಂಬ ಊರಿನ ಮಂಜಿಯ ಅಡುಗೆಮನೆಯ ಹಿಂಗೋಡೆಯ ತುಂಬ ಇದ್ದಿಲ ಚುಕ್ಕೆಗಳು. ಅದರಲ್ಲಿ ಒಂದೇ ಒಂದು ಸಾಲಿನ ಮೇಲೆ ಅವಳು ಮೂರು ಸಲ ಸುಣ್ಣ ಬಳಿದಿದ್ದಳು. ಮಳೆಗಾಲ ಬಂದು ಗೋಡೆ ಬೆವರಿತೆಂದರೆ ಸಾಕು, ಸುಣ್ಣದ ಹಿಂದಿನಿಂದ ಅದೇ ಸಾಲು ಎದ್ದು ಬರುತ್ತಿತ್ತು. ಮೊದಲು ಐದು ಗೀಟು, ಆಮೇಲೆ ಹದಿನೆಂಟು ಚುಕ್ಕೆ. ಮಂಜಿ ಆ ಕಡೆ ಬೆನ್ನು ಹಾಕಿಯೇ ಗಂಜಿ ಬೇಯಿಸುತ್ತಿದ್ದಳು.

ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮದುವೆಯಾದ ವರ್ಷದಿಂದ ಗಂಡ ಈರನ ದೋಣಿ ಕಡಲಿಗೆ ಹೋದ ದಿನವೆಲ್ಲ ಗೋಡೆಗೆ ಒಂದು ಸಾಲು ಬರೆಯುತ್ತಿದ್ದಳು. ಗೀಟು ಗಾಳಿಯದು. ತೆಂಗಿನ ಗರಿ ಸುಮ್ಮನಿದ್ದರೆ ಒಂದು, ಗಾಳಿ ಏರಿದಂತೆ ಒಂದೊಂದು ಹೆಚ್ಚು, ಗರಿ ಮಗುಚಿ ಬೆನ್ನು ತೋರಿಸಿದರೆ ಐದು. ಚುಕ್ಕೆ ಮೀನಿನದು, ಬುಟ್ಟಿಗೊಂದು.

"ಎಂತಕ್ಕೆ ಗೋಡೆ ಹಾಳು ಮಾಡ್ತಿ ಮಾರಾಯ್ತಿ?" ಎಂದು ಈರ ನಗುತ್ತಿದ್ದ.

"ನೀವು ಹೋದ ಮೇಲೆ ನಂಗೆ ಮಾತಾಡೂಕೆ ಬೇರೆ ಯಾರಿದ್ರು?"

ಎಪ್ಪತ್ತನಾಲ್ಕನೇ ಇಸವಿಯಲ್ಲಿ, ಗರಿ ಮಗುಚಿದ ಒಂದು ದಿನ, ಈರನ ದೋಣಿ ಬೋರಲಾಗಿ ದಡಕ್ಕೆ ಬಂತು. ಈರ ಬರಲಿಲ್ಲ. ಆ ದಂಡೆಯಲ್ಲೊಂದು ಪದ್ಧತಿಯಿತ್ತು. ಕಡಲಲ್ಲಿ ಗಂಡಸು ತೀರಿಹೋದರೆ ಊರಿನ ಪ್ರತಿ ದೋಣಿಯವರೂ ಅವನ ಬಾಗಿಲಿಗೆ ಮನೆಯಲ್ಲಿ ಒಣಗಿಸಿಟ್ಟ ಮೀನು ಒಂದೊಂದು ಬುಟ್ಟಿ ಇಟ್ಟು ಮಾತಾಡದೆ ಹೋಗಬೇಕು. ಹದಿನೆಂಟು ಬುಟ್ಟಿ ಸಾಲಾಗಿ ಕೂತವು. ಸಂಜೆ ಮಂಜಿಯ ಕೈ ರೂಢಿಯಂತೆ ಇದ್ದಿಲು ಹಿಡಿಯಿತು. ಐದು ಗೀಟು ಎಳೆದಳು. ಮುಂದೆ ಖಾಲಿ ಬಿಡಲು ಕೈ ಒಪ್ಪಲಿಲ್ಲ. ಖಾಲಿ ಬಿಟ್ಟರೆ ಅವನು ಹೋದದ್ದು ನಿಜವಾಗಿಬಿಡುತ್ತಿತ್ತು. ಹದಿನೆಂಟು ಬುಟ್ಟಿಗೂ, ಅವನೇ ತಂದಂತೆ, ಚುಕ್ಕೆ ಇಟ್ಟಳು.

ಆಮೇಲಿನ ಸಾಲುಗಳೆಲ್ಲ ಅವಳ ತಮ್ಮ ಶನಿಯಾರನ ದೋಣಿಯವು.

ಎಪ್ಪತ್ತೊಂಬತ್ತರ ಆಷಾಢದಲ್ಲಿ ಘಟ್ಟದ ಮೇಲಿನ ಲಿಂಗಪ್ಪ ಎಂಬ, ಮೀನಿನ ಲೆಕ್ಕ ಬರೆಯುವ ಸರ್ವೆಯವರು ಈ ಗೋಡೆಯ ಸುದ್ದಿ ಕೇಳಿ ಬಂದರು. ನಾಲ್ಕು ದಿನ ಒಲೆಯ ಪಕ್ಕ ಮಣೆ ಹಾಕಿಕೊಂಡು ಎಲ್ಲ ಸಾಲನ್ನೂ ಚೌಕಳಿ ಕಾಗದಕ್ಕೆ ಇಳಿಸಿಕೊಂಡರು. ಬೆವರಿದ ಆ ಸಾಲಿಗೆ ಬಂದಾಗ ಮಂಜಿ ಬಾಯಿ ತೆರೆದಳು. ಮತ್ತೆ, "ಚಾ ಆರ್ತದೆ, ಕುಡೀರಿ" ಎಂದಷ್ಟೇ ಹೇಳಿದಳು.

ನೂಲಹುಣ್ಣಿಮೆಯ ಹಿಂದಿನ ದಿನ, ಮಳೆಗಾಲಕ್ಕೆ ನಿಂತ ದೋಣಿಗಳನ್ನು ಮತ್ತೆ ಯಾವಾಗ ಇಳಿಸುವುದೆಂದು ಮಾತಾಡಲು ದೋಣಿಚಪ್ಪರದಲ್ಲಿ ಊರು ಸೇರಿತು. ಲಿಂಗಪ್ಪ ದೊಡ್ಡ ಕಾಗದ ತೂಗುಹಾಕಿದರು. ಅದರಲ್ಲಿ ಒಂದೇ ಒಂದು ಗೆರೆ, ಎಡದಿಂದ ಬಲಕ್ಕೆ ನುಣ್ಣಗೆ ಏರಿತ್ತು. "ಗಾಳಿ ಹೆಚ್ಚಾದಂಗ ಮೀನು ಹೆಚ್ಚು. ಲೆಕ್ಕ ಹಾಂಗ ಹೇಳ್ತದ" ಎಂದರು.

ಶನಿಯಾರ ತೊಡೆ ತಟ್ಟಿದ. "ಕೇಳಿದ್ರಾ? ನಾಳೆ ಕಡಲಿಗೆ ಕಾಯಿ ಕೊಡೂದು, ನಾಡಿದ್ದು ದೋಣಿ ಇಳಿಸೂದು. ಗಾಳಿ ಇದ್ರೆ ಇರ್ಲಿ!"

ಹೊರಗೆ ತೆಂಗಿನ ಗರಿಗಳು ಮಗುಚುತ್ತಿದ್ದವು. ಹೆಂಗಸರ ಸಾಲಿನಿಂದ ಮಂಜಿ ಎದ್ದಳು. "ಮಾಸ್ತರ್ರೆ, ನನ್ನ ಚುಕ್ಕೆ ಎಲ್ಲಿ?"

"ಎಲ್ಲಾ ಈ ಗೆರಿಯೊಳಗ ಅದಾವು, ಮಂಜಕ್ಕ."

"ನಂಗೆ ಒಂದೂ ಕಾಣೂದಿಲ್ಲ. ಇಟ್ಟು ತೋರಿಸಿ."

ಲಿಂಗಪ್ಪ ಚುಕ್ಕೆಗಳನ್ನು ಗುರುತಿಸಿಕೊಂಡಿದ್ದ ತೆಳು ಎಣ್ಣೆಕಾಗದವನ್ನು ಗೆರೆಯ ಮೇಲೆ ಹರಡಿದರು. ಇವು ಬುಟ್ಟಿಯವಲ್ಲ, ಒಂದು ದಿನಕ್ಕೊಂದು ಚುಕ್ಕೆ; ಗಾಳಿ ಹೆಚ್ಚಿದಷ್ಟು ಬಲಕ್ಕೆ, ಬುಟ್ಟಿ ಹೆಚ್ಚಿದಷ್ಟು ಮೇಲಕ್ಕೆ ಎಂದು ಬೆರಳಿಟ್ಟು ತೋರಿಸಿದರು.

"ಗೆರೆಗೆ ಸಿಡುಬು ಎದ್ದಂಗೆ ಕಾಣ್ತದಲ್ರೋ!" ಎಂದ ಮುದುಕ ಹಮ್ಮ. ಚಪ್ಪರವೆಲ್ಲ ನಕ್ಕಿತು.

ಮಂಜಿ ನಗಲಿಲ್ಲ. ಎರಡು ಗೀಟು, ಮೂರು ಗೀಟಿನ ದಿನಗಳು ಒತ್ತಾಗಿ ಗುಂಪುಗೂಡಿದ್ದವು. ನಾಲ್ಕರಲ್ಲಿ ಕೆಲವೇ, ಅವೂ ಕೆಳಗೆ. ಐದರಲ್ಲಿ, ಕಾಗದದ ತುತ್ತತುದಿಯಲ್ಲಿ, ಒಂಟಿಯಾಗಿ ಒಂದೇ ಚುಕ್ಕೆ ಎತ್ತರದಲ್ಲಿ ನಿಂತಿತ್ತು. ಗೆರೆಯನ್ನು ಮೇಲಕ್ಕೆ ಜಗ್ಗಿ ಹಿಡಿದದ್ದು ಅದೇ. ಸುಣ್ಣದ ಹಿಂದಿನಿಂದ ಎದ್ದು ಬಂದ ಈರ ಈಗ ಊರಿನ ಎದುರು ನಿಂತು ಶನಿಯಾರನನ್ನು ಕೈಬೀಸಿ ಕರೆಯುತ್ತಿದ್ದಾನೆ ಎನಿಸಿತು ಅವಳಿಗೆ.

"ಅದು ಮೀನಲ್ಲ," ಎಂದಳು. "ಅದು ಇವರು ಹೋದ ದಿನ. ನೀವೆಲ್ಲ ನನ್ನ ಬಾಗಿಲಿಗೆ ಇಟ್ಟ ಬುಟ್ಟಿ. ಶನಿಯಾರಾ, ನೀನೂ ಒಂದು ಇಟ್ಟಿದ್ದಿ."

ಶನಿಯಾರ ತಲೆ ಎತ್ತಲಿಲ್ಲ. ಲಿಂಗಪ್ಪ ಆ ಚುಕ್ಕೆಯನ್ನು ಹೆಬ್ಬೆರಳಲ್ಲಿ ಮುಚ್ಚಿ, ಉಳಿದವುಗಳ ನಡುವೆ ಅಂದಾಜಿನಲ್ಲಿ ಸೀಸದ ಗೆರೆ ಎಳೆದರು. ಅದು ಮೂರರವರೆಗೆ ಏರಿ ಆಮೇಲೆ ಬಾಗಿತು. ಐದರ ಹತ್ತಿರ ಎಳೆಯಲು ಏನೂ ಇರಲಿಲ್ಲ.

"ಅಳಿಸ್ಲೇನು, ಅಕ್ಕಾ?"

"ಬೇಡ. ಅಳಿಸಿದ್ರೆ ಮತ್ತೆ ಏಳ್ತದೆ. ಯಾರದು ಅಂತ ಬರೆದಿಡಿ."

ಅವರು ಚುಕ್ಕೆಯ ಪಕ್ಕ ಎರಡಕ್ಷರ ಬರೆದರು. ಮಂಜಿ ಓದಲಾರಳು, ಬೆರಳಿಟ್ಟು ನೋಡಿದಳು.

ಹುಣ್ಣಿಮೆಯ ಮರುದಿನ ಬೆಳಿಗ್ಗೆಯೂ ಗರಿಗಳು ಮಗುಚುತ್ತಿದ್ದವು. ಮಂಜಿ ದಂಡೆಗೆ ಓಡಿಹೋದಳು. ಶನಿಯಾರನ ದೋಣಿ ಮರಳ ಮೇಲೆ ಮಗುಚಿಕೊಂಡು ಒಣಗಿತ್ತು. ಅವನು ಅದಕ್ಕೊರಗಿ ಬಲೆ ಹೊಲಿಯುತ್ತಿದ್ದ. "ಎಂತ, ನೋಡೂಕೆ ಬಂದ್ಯಾ?" ಎಂದು ಸಿಡುಕಿದ.

ಮನೆಗೆ ಬಂದು ಇದ್ದಿಲು ಹಿಡಿದಳು. ದೋಣಿ ಇಳಿಯದ ದಿನಕ್ಕೆ ಅವಳು ಯಾವತ್ತೂ ಸಾಲು ಬರೆದವಳಲ್ಲ. ಅಂದು ಬರೆದಳು: ಐದು ಗೀಟು, ಮುಂದೆ ಖಾಲಿ ಗೋಡೆ. ಅದರ ಮೇಲ್ಗಡೆ ಹದಿನೆಂಟು ಚುಕ್ಕೆಗಳು ಇನ್ನೂ ಬೆವರುತ್ತಿದ್ದವು.