ಅತ್ತೆ ತಿಕ್ಕಿದ ಗೋಡೆ

ಹೋದ ವರ್ಷ ದಸರೆಗೆ ಮುಂಚಿನ ಭಾನುವಾರ. ಕುಂದಾಣದ ಮನೆಯ ಹಿತ್ತಲಲ್ಲಿ ಮೂವರಿದ್ದೆವು. ನಂಜಮ್ಮತ್ತೆ, ಅವರ ಮೊಮ್ಮಗಳು ಚೈತ್ರಾ, ನಾನು. ಅತ್ತೆಯ ಕೈಯಲ್ಲಿ ತೆಂಗಿನ ನಾರು, ನನ್ನ ಕೈಯಲ್ಲಿ ಖಾಲಿ ಬಕೆಟ್ಟು. ಆಗಷ್ಟೇ ಬಸ್ಸಿಳಿದು ಬಂದಿದ್ದ ಚೈತ್ರಾ ಕಾಂಪೌಂಡ್ ಗೋಡೆಯನ್ನೇ ನೋಡುತ್ತಿದ್ದಳು. ಗೋಡೆ ಫಳಫಳ ಹೊಳೆಯುತ್ತಿತ್ತು.

"ಅಜ್ಜೀ, ನನ್ ಪಾಚಿ ಎಲ್ಲಿ?"

"ಸುಣ್ಣ ಹೊಡಿಬೇಕಿತ್ತಲ್ಲಮ್ಮಾ, ತಿಕ್ಬಿಟ್ಟೆ ಕಣೇ. ಇವನೇ ನೀರು ಹುಯ್ದಿದ್ದು."

(ಸಿಕ್ಕಿಬಿದ್ದಾಗ ಪಾಲು ಹಂಚುವುದರಲ್ಲಿ ನಮ್ಮತ್ತೆ ಬಹಳ ಉದಾರಿ.)

ಚೈತ್ರಾ ಮಣ್ಣಿನೊಳಗಿನ ಪ್ರಾಣಿಗಳ ಮೇಲೆ ರಿಸರ್ಚ್ ಮಾಡುತ್ತಾಳೆ. ಅವಳ ಕನಸು ಅಂಟಾರ್ಕ್ಟಿಕಾ. ಹಿಮವಿಲ್ಲದ ಅಲ್ಲಿನ ಚೂರುಪಾರು ನೆಲದಲ್ಲಿ ಕಣ್ಣಿಗೆ ಕಾಣದ ಜೀವಿಗಳದ್ದೇ ರಾಜ್ಯವಂತೆ. ಅದರಲ್ಲೊಂದು ನೀರುಕರಡಿ. ಎಂಟು ಕಾಲು, ಸಾಸಿವೆಗಿಂತ ಸಣ್ಣದು. ನೀರು ಆರಿದರೆ ಮುದುಡಿ ಮಲಗುತ್ತದೆ, ನೀರು ಬಿದ್ದರೆ ಎದ್ದು ನಡೆಯುತ್ತದೆ. ಅದರ ದಾಯಾದಿಗಳು ನಮ್ಮ ಗೋಡೆಯ ಪಾಚಿಯಲ್ಲೂ ಇವೆ! ಎರಡು ಬೇಸಿಗೆ ಚೈತ್ರಾ ಅವನ್ನೇ ಕಾಪಾಡಿಕೊಂಡು ಬಂದಿದ್ದಳು. ಅಂಟಾರ್ಕ್ಟಿಕಾಕ್ಕೆ ಹೋಗುವ ತಂಡದ ಇಂಟರ್‌ವ್ಯೂ ಮಂಗಳವಾರ. ಅಲ್ಲಿ ಜೀವಂತ ಪ್ರಾಣಿ ತೋರಿಸಬೇಕು.

"ಮಂಗಳವಾರ ಏನ್ ತೋರಿಸ್ಲಿ ಅಜ್ಜಿ? ಈ ಗೋಡೇನಾ?"

ಅತ್ತೆ ಸೀದಾ ಸೀಬೆ ಗಿಡದ ಹತ್ತಿರ ಹೋದರು. ಕೊಂಬೆಯ ತೊಗಟೆ ಬಳೆಯಷ್ಟಗಲ ಕೆರೆದು, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಬಿಗಿದರೆ ಅಲ್ಲೇ ಬೇರು ಬರುತ್ತದೆ. ಅದಕ್ಕೆ ಗೂಟಿ ಅನ್ನುತ್ತೇವೆ. ಬೆಳಗ್ಗೆ ತಿಕ್ಕಿ ತೆಗೆದ ಪಾಚಿಯೆಲ್ಲ ಅತ್ತೆ ಕಟ್ಟಿದ್ದ ಗೂಟಿಯೊಳಗಿತ್ತು.

"ಪಾಚಿ ಯಾರಾದ್ರೂ ಬಿಸಾಕ್ತಾರೇನೇ?" ಅತ್ತೆ ಗಂಟು ಬಿಚ್ಚತೊಡಗಿದರು.

"ಬಿಚ್ಚಿದ್ರೆ ಕೊಂಬೆ ಒಣಗಲ್ವಾ?"

"ಒಣಗ್ಲಿ ಬಿಡು. ಕೊಂಬೆ ಬೇಕಾದಷ್ಟವೆ. ನಿನ್ ಮಂಗಳವಾರ ಒಂದೇ ತಾನೆ?"

ಜಗಲಿ ಮೇಲೆ ಚೈತ್ರಾಳ ಮೈಕ್ರೋಸ್ಕೋಪು. ಮೊದಲ ಚಿಟಿಕೆಯಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದಕ್ಕೆ ಚೈತ್ರಾ ಅಜ್ಜಿಯ ಕತ್ತು ಹಿಡಿದು ಬಗ್ಗಿಸಿದಳು.

"ಅಯ್ಯೋ, ಇದರ್ ಮನೆ ಕಾಯೋಗ! ಉಗುರು ಬೇರೆ ಐತೆ! ಪಾಪ, ಇದನ್ನೇನಾ ನಾನು ತಿಕ್ಕಿದ್ದು?"

ಇಂಟರ್‌ವ್ಯೂನಲ್ಲಿ ಚೈತ್ರಾ ಏನನ್ನೂ ಮುಚ್ಚಿಡಲಿಲ್ಲ. ಗೋಡೆ, ನಾರು, ಗೂಟಿ ಎಲ್ಲ ಹೇಳಿದಳು. "ಸ್ಯಾಂಪಲ್ ಹಾಳಾದಾಗ ಏನು ಮಾಡಿದಿರಿ?" ಅಂದರಂತೆ ಒಬ್ಬರು. "ಅಜ್ಜಿ ಏನು ಮಾಡ್ತಾರೋ ನೋಡ್ದೆ" ಅಂದಳಂತೆ. ಆಯ್ಕೆಯಾದಳು. ಮುಂದಿನ ತಿಂಗಳು ಹೊರಡುತ್ತಾಳೆ.

ನಾವು ಯಾರಿಗೆಲ್ಲ ಥ್ಯಾಂಕ್ಸ್ ಹೇಳುತ್ತೇವೆ? ಲಿಫ್ಟ್ ಬಾಗಿಲು ಹಿಡಿದವರಿಗೂ ಹೇಳುತ್ತೇವೆ. ಏನನ್ನೂ ಬಿಸಾಡದ ಇಂಥ ಕೈಗಳಿಗೆ ಎಂದಾದರೂ ಹೇಳಿದ್ದೇವಾ? ನಾನಂತೂ ಹೇಳಿರಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಹೋದ ವಾರ, ಈ ಸಲದ ದಸರೆಗೆ, ಅತ್ತೆ ಮತ್ತೆ ಗೋಡೆಗೆ ಸುಣ್ಣ ಹೊಡೆಸಿದರು. ಮೂಲೆಯಲ್ಲಿ ಮತ್ತೆ ಪಾಚಿ ಹಿಡಿದಿದ್ದ ಒಂದು ಗೇಣು ಜಾಗ ಹಾಗೇ ಬಿಡಿಸಿ, ಅದಕ್ಕೊಂದು ಚೊಂಬು ನೀರು ಹಾಕಿ ಒಳಗೆ ಹೋದರು.