ಭಾವನ ಆಶೀರ್ವಾದ

ಕೋಡಂಬಾಕ್ಕಂನ ಛತ್ರವೊಂದರಲ್ಲಿ ನನ್ನ ಹೆಂಡತಿಯ ಅಣ್ಣನ ಮಗಳ ಮದುವೆ. ಹೃದಯದ ತೊಂದರೆಗೆ ನಾನು ಹೊಸ ಮಾತ್ರೆ ಶುರುಮಾಡಿ ಒಂದು ವಾರವೂ ಆಗಿರಲಿಲ್ಲ. ಅಕ್ಷತೆ ಹಾಕಲು ಕುರ್ಚಿಯಿಂದ ಎದ್ದವನಿಗೆ ಕಣ್ಣು ಕತ್ತಲಿಟ್ಟಿತು, ಅಲ್ಲೇ ಕುಸಿದುಬಿದ್ದೆ. ಎಚ್ಚರವಾದಾಗ ಮೊದಲು ಕೇಳಿಸಿದ್ದು ಭಾವನ ದನಿ.

“ಎಲ್ರೂ ತನ್ನನ್ನೇ ನೋಡ್ಬೇಕು ಇವನಿಗೆ. ಸುಮ್ನೆ ಸೀನ್ ಪೋಡ್ತಾನೆ, ಎಲ್ಲ ನಾಟಕ.”

ಸುತ್ತಲಿದ್ದ ನೆಂಟರು ನಕ್ಕರು.

ಪೋರೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ಮಾತ್ರೆಯಿಂದಾಗಿಯೇ ಎದ್ದು ನಿಂತಾಗ ಬಿಪಿ ಇಳಿಯುತ್ತಿದೆ ಎಂದು ಡೋಸ್ ಕಡಿಮೆ ಮಾಡಿದರು. ಹೆಂಡತಿ ಇದನ್ನೆಲ್ಲ ಅಣ್ಣನಿಗೆ ಫೋನಿನಲ್ಲಿ ಹೇಳಿದಳು. ಭಾವ “ಹಾಗಾ?” ಎಂದರಂತೆ, ಅಷ್ಟೇ. ನನ್ನ ತಲೆಸುತ್ತು ಬೇಗ ಹೋಯಿತು, ಸಿಟ್ಟು ಹೋಗಲಿಲ್ಲ.

ಮರುವರ್ಷ ಭಾವನ ಷಷ್ಟ್ಯಬ್ದಿ. ಕಿರಿಯರೆಲ್ಲ ವೇದಿಕೆಗೆ ಹೋಗಿ ಕಾಲಿಗೆ ನಮಸ್ಕಾರ ಮಾಡುತ್ತಿದ್ದರು. ನಾನು ಮುಂದಿನ ಸಾಲಿನಲ್ಲಿ ಕೂತೇ ಇದ್ದೆ.

“ಬಾರಪ್ಪಾ, ಆಶೀರ್ವಾದ ತಗೋ,” ಎಂದು ಭಾವ ಕರೆದರು.

“ಎದ್ದು ಬಿದ್ರೆ ಸೀನ್ ಪೋಡ್ದೆ ಅಂತೀರಿ ಭಾವ. ನೀವೇ ಬನ್ನಿ,” ಎಂದೆ, ಎಲ್ಲರಿಗೂ ಕೇಳುವಂತೆ.

ಭಾವ ಪಂಚೆ ಎತ್ತಿಕೊಂಡು ಮೆಟ್ಟಿಲಿಳಿದು ಬಂದು, ಮುಖ ಕೆಂಪಗೆ ಮಾಡಿಕೊಂಡೇ ನನ್ನ ತಲೆಗೆ ಅಕ್ಷತೆ ಹಾಕಿದರು. ನಾನು ಕೂತಲ್ಲಿಂದಲೇ ಕೈಮುಗಿದೆ.

“ನಿಮಗೀಗ ಎದ್ದು ನಿಲ್ಲೋಕೆ ಏನೂ ತೊಂದ್ರೆ ಇಲ್ವಲ್ಲ!” ಎಂದು ಹೆಂಡತಿ ಊಟದ ಎಲೆಯ ಮುಂದೆ ಪಿಸುಗುಟ್ಟಿದಳು.

“ಇಲ್ಲ,” ಎಂದು ಹೇಳಿ ಇನ್ನೊಂದು ಸಲ ಪಾಯಸ ಹಾಕಿಸಿಕೊಂಡೆ.