ಸಾವಕಾರರ ಕಳ್ಳಿಗೆ ಓಣಿಯ ನೀರು

ಬೆಂಗೇರಿಯ ಆ ಓಣಿಯಲ್ಲಿ ಗುರುಶಿದ್ದಪ್ಪನವರಿಗೆ ಸಾವಕಾರ್ರು ಅಂತಲೇ ಹೆಸರು. ಅಮರಗೋಳದ ಮಾರ್ಕೆಟ್ಟಿನಲ್ಲಿ ಅವರದು ಹತ್ತಿ ದಲಾಲಿ ಅಂಗಡಿ. ಹತ್ತಿಯ ರಾಶಿಯೊಳಗೆ ಮೊಣಕೈತನಕ ಕೈ ತೂರಿಸಿ, ಕಣ್ಣು ಮುಚ್ಚಿ, “ಹಸಿ ಐತಿ” ಅಂದರೆ ಮುಗಿಯಿತು. ಮಾಲು ತಂದವನು ಯಾವ ದೇವರ ಆಣೆ ಹಾಕಿದರೂ ಆ ಮಾತು ವಾಪಸು ಹೋಗುತ್ತಿರಲಿಲ್ಲ. ತೂಕ ಬರಲೆಂದು ಹತ್ತಿಗೆ ನೀರು ಚಿಮುಕಿಸುವವರ ಜೊತೆ ಆಯುಷ್ಯವೆಲ್ಲ ಗುದ್ದಾಡಿದ ಮನುಷ್ಯನಿಗೆ ಅರವತ್ತು ದಾಟಿದ ಮೇಲೆ ಕಳ್ಳಿಗಿಡದ ಹುಚ್ಚು ಹಿಡಿಯಿತೆಂದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಒಣಗಿದ್ದಷ್ಟೂ ಮರ್ಯಾದೆಯಿಂದ ಇರುವ ಜೀವ ಅವರಿಗೆ ಸಿಕ್ಕಿದ್ದು ಅದೊಂದೇ.

ಮೊದಲ ಗಿಡ ಬಂದದ್ದು ಧಾರವಾಡದ ಸಪ್ತಾಪುರದಿಂದ. ಬಾಡಿಗೆ ಮನೆ ಖಾಲಿ ಮಾಡುತ್ತಿದ್ದ ಪ್ರೊಫೆಸರರೊಬ್ಬರು ಬಾಗಿಲ ಬಳಿಯ ಕಂಬದಂಥ ಕಳ್ಳಿಯನ್ನು ಪುಕ್ಕಟೆ ಒಯ್ಯಿರಿ ಅಂದರು. ಪುಕ್ಕಟೆಯೆಂದರೆ ಚೌಕಾಶಿಗೆ ಜಾಗವೇ ಇಲ್ಲವಲ್ಲ ಎಂದು ಸಾವಕಾರರಿಗೆ ಒಂದು ಗಳಿಗೆ ಬೇಜಾರಾಯಿತು. ಕುಂಡವನ್ನೂ ಅದರ ಕೆಳಗಿನ ತಾಟನ್ನೂ ಸೇರಿಸಿಕೊಂಡ ಮೇಲೆಯೇ ಸಮಾಧಾನ. ವರ್ಷಗಳು ಹೋದಂತೆ ಆ ಕಂಬ ಅವರಿಗಿಂತ ಎತ್ತರವಾಯಿತು. ಸುತ್ತ ಮುಳ್ಳಿನ ಚೆಂಡಿನಂಥವು, ಕಲ್ಲಿನಲ್ಲಿ ಕೆತ್ತಿದ ಹೂವಿನಂಥವು ಸೇರಿ ಮಾಳಿಗೆ ತುಂಬಿತು. ಹತ್ತಿ ಬೆಳೆಯುವ ಕರಿ ಎರಿಮಣ್ಣನ್ನು ಅವರು ಹತ್ತಿರ ಸೇರಿಸಲಿಲ್ಲ. “ಅದು ಭಾಳ ಜಿಪುಣ, ಕುಡದ ನೀರು ಬಿಡೂದಿಲ್ಲ” ಅನ್ನುತ್ತಿದ್ದರು. ಯಾರು ಯಾರಿಗೆ ಜಿಪುಣ ಅನ್ನುತ್ತಿದ್ದಾರೆ ನೋಡು ಎಂದು ಹೆಂಡತಿ ದಾಕ್ಷಾಯಿಣಿ ಒಳಗೊಳಗೇ ನಗುತ್ತಿದ್ದಳು. ಕೆಂಪು ಮಸಾರಿ ಮಣ್ಣು, ದಪ್ಪ ಉಸುಕು, ಇಟ್ಟಂಗಿಯ ಚೂರು, ಇಷ್ಟೇ ಅವರ ಪಾಕ. ಕುಂಡದೊಳಗೆ ಒಂದು ಕಡ್ಡಿ ಚುಚ್ಚಿ, ಅದು ಒಣಗಿಯೇ ಹೊರಗೆ ಬಂದರೆ ಮಾತ್ರ ನೀರು. ಬೇರೆ ಯಾರ ಕೈಯೂ ಅಲ್ಲಿ ಆಡುವಂತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅಂಗಡಿಯಲ್ಲಿ ಕೂತಾಗಲೇ ಅವರಿಗೆ ಎದೆ ಹಿಡಿಯಿತು. ಆಪರೇಶನ್ ಆಯಿತು. ಆಸ್ಪತ್ರೆಯಿಂದ ನೇರ ಧಾರವಾಡಕ್ಕೆ, ಮಗಳು ಗೀತಾಂಜಲಿಯ ಮನೆಗೆ ಹೋದರು. ಅಲ್ಲಿ ಮೆಟ್ಟಿಲ ಕಾಟವಿರಲಿಲ್ಲ. ದಾಕ್ಷಾಯಿಣಿಯೂ ಜೊತೆಗೇ ಇದ್ದಳು. ಬೆಂಗೇರಿಯ ಮನೆಗೆ ಬೀಗ. ಹೋಗುವ ಗಡಿಬಿಡಿಯಲ್ಲಿ ಗಿಡಗಳ ಬಗ್ಗೆ ಯಾರಿಗೂ ಏನೂ ಹೇಳಿರಲಿಲ್ಲ. ಕಳ್ಳಿಯಲ್ಲವೇ, ತಾವಾಗಿ ಇರುತ್ತವೆ ಎಂದು ಸಾವಕಾರರು ನಿಶ್ಚಿಂತರಾಗಿದ್ದರು.

ಎರಡು ತಿಂಗಳ ಮೇಲೆ ಮರಳಿ ಬಂದಾಗ ಓಣಿಯವರೆಲ್ಲ ಮಾತಾಡಿಸಿ ಹೋದರು. ಡಾಕ್ಟರು ಮೆಟ್ಟಿಲು ಹತ್ತಬಹುದು ಅಂದ ದಿನ ಸಾವಕಾರರು ಗೋಡೆ ಹಿಡಿದು ಮಾಳಿಗೆಗೆ ಹೋದರು.

ಮುಳ್ಳಿನ ಚೆಂಡುಗಳು ಕುಸಿದು ಕೂತಿದ್ದವು. ಕಲ್ಲಿನ ಹೂವುಗಳು ಗಾಜಿನಂತಾಗಿ, ಮುಟ್ಟಿದರೆ ಬೆರಳಿಗೆ ಅಂಟುತ್ತಿದ್ದವು. ಕಂಬ ನಿಂತೇ ಇತ್ತು, ಆದರೆ ಬುಡ ಕಂದಾಗಿತ್ತು. ಒತ್ತಿದರೆ ಬೆರಳು ಒಳಗೆ ಹೋಯಿತು. ಬಿಸಿಲಲ್ಲಿ ಒಣಗಿದ ಗಿಡ ಹೀಗಾಗುವುದಿಲ್ಲ. ಸಾವಕಾರರು ಕುಂಡದೊಳಗೆ ಕೈ ತೂರಿಸಿ, ರೂಢಿಯಂತೆ ಕಣ್ಣು ಮುಚ್ಚಿದರು.

ಹಸಿ ಇತ್ತು.

ಆಗಿದ್ದು ಇಷ್ಟೇ. ಓಣಿಯಲ್ಲಿ ನಳದ ನೀರು ವಾರಕ್ಕೊಮ್ಮೆ ಬರುತ್ತದೆ. ಬಂದ ದಿನ ಕೊಡ, ಹಂಡೆ, ಬಕೆಟ್ಟುಗಳಲ್ಲಿ ಉಳಿದ ಹಳೆ ನೀರನ್ನು ತೆಗೆದು, ತೊಳೆದು, ಹೊಸದು ತುಂಬಬೇಕು. ಹಳೆ ನೀರನ್ನು ಸುಮ್ಮನೆ ಚೆಲ್ಲಲು ಯಾರಿಗೂ ಮನಸ್ಸಾಗುವುದಿಲ್ಲ. ಸಾವಕಾರರು ಆಸ್ಪತ್ರೆಯಲ್ಲಿದ್ದಾರೆ, ಪಾಪ, ಗಿಡ ಒಣಗುತ್ತಿರಬೇಕು ಎಂದು ಬಾಜೂ ಮನೆಯ ಗುಲ್ಜಾರಬಿ ಹೊಲಿಗೆ ಯಂತ್ರ ಬಿಟ್ಟೆದ್ದು ಹೊರಗಿನ ಮೆಟ್ಟಿಲು ಹತ್ತಿ ಎರಡು ಕೊಡ ಸುರಿದು ಬಂದಳು. ಎದುರು ಮನೆಯ ರೊಟ್ಟಿ ರೇಣವ್ವ ತನ್ನ ಪಾಲಿನದನ್ನು ಸುರಿದಳು, ಮೇಲೆ ಅಕ್ಕಿ ತೊಳೆದ ನೀರು ತಾಕತ್ತಿಗೆ. ಬಸ್ ಡ್ರೈವರಾಗಿ ರಿಟೈರಾದ ಮೈಲಾರಪ್ಪ ಹಿಂಬದಿಯ ತನ್ನ ಮನೆಯ ಮಾಳಿಗೆಯಿಂದ ಪೈಪನ್ನೇ ಬಿಟ್ಟ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಪುಣ್ಯದ ಕೆಲಸ ಹೇಳಿಕೊಂಡರೆ ಕಡಿಮೆಯಾಗುತ್ತದೆ ಅಂತಲೋ ಏನೋ, ಯಾರೂ ಬಾಯಿ ಬಿಟ್ಟಿರಲಿಲ್ಲ. ಈಗ ಗಿಡ ಹೋದ ಸುದ್ದಿ ಕೇಳಿ ಬಂದು ಒಬ್ಬೊಬ್ಬರಾಗಿ ಹೇಳಿಕೊಂಡರು.

“ನೀವು ಬಿದ್ರಿ, ಅವೂ ಬಿದ್ವು ನೋಡ್ರಿ ಕಾಕಾ” ಎಂದಳು ರೇಣವ್ವ, ಸೆರಗಿನಿಂದ ಕಣ್ಣೊರೆಸಿಕೊಂಡು. “ಮೂಕ ಜೀವಕ್ಕೂ ತಿಳೀತೈತಿ.”

ಸಾವಕಾರರು ಬಾಯಿ ತೆರೆದರು. ದಾಕ್ಷಾಯಿಣಿ ಅವರನ್ನು ನೋಡಿದಳು. ಸಾವಕಾರರು ಬಾಯಿ ಮುಚ್ಚಿದರು.

ಅವತ್ತೆಲ್ಲ ಅವರು ಒಂದೇ ಲೆಕ್ಕ ಬಿಡಿಸುತ್ತಿದ್ದರು. ನೀರು ಸುರಿಯುವವನಿಗೆ ಏನಾದರೂ ಗಿಟ್ಟಬೇಕು, ಇಲ್ಲದಿದ್ದರೆ ಯಾಕೆ ಸುರಿದಾನು? ಮಾರ್ಕೆಟ್ಟು ಅವರಿಗೆ ಕಲಿಸಿದ್ದು ಅದನ್ನೇ. ಗುಲ್ಜಾರಬಿಗೆ ಏನು ಗಿಟ್ಟಿತು? ಮಂಡಿನೋವು. ರೇಣವ್ವಗೆ? ಒಂದು ಗಿಡದ ತುಂಡು ಕೇಳಿದಾಗೆಲ್ಲ ಮಳೆಗಾಲ ಮುಗಿಯಲಿ ಎಂದು ಸಾಗಹಾಕಿದವರು ತಾವೇ. ಎಷ್ಟು ಕೂಡಿಸಿದರೂ ಕಳೆದರೂ ಆ ಕಡೆ ಲಾಭವೇ ಕಾಣಲಿಲ್ಲ. ಅದೂ ಬೇಸಿಗೆಯ ನೀರು.

ಮರುದಿನ ಕಂಬವನ್ನಾದರೂ ಉಳಿಸಿಕೊಳ್ಳಲು ಕೂತರು. ಭಾರ ಎತ್ತುವಂತಿರಲಿಲ್ಲ, ಆದ್ದರಿಂದ ಕೆಲಸ ದಾಕ್ಷಾಯಿಣಿಯದು, ಬಾಯಿ ಅವರದು. ಹಳೆ ಪೇಪರು ಸುತ್ತಿ ಗಿಡ ಮಲಗಿಸಿ, ಬಿಸಿನೀರಲ್ಲಿ ತೊಳೆದ ಚಾಕುವಿನಿಂದ ಅವಳು ಬುಡದಿಂದ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತ ಬಂದಳು. ಪ್ರತಿ ಬಿಲ್ಲೆಯ ನಡುವೆ ಕಂದು ಬಣ್ಣದ ಉಂಗುರ. ಇನ್ನಷ್ಟು, ಇನ್ನಷ್ಟು ಎಂದು ಸಾವಕಾರರು ಅನ್ನುತ್ತಲೇ ಇದ್ದರು. ನಿಮ್ಮ ಡಾಕ್ಟರೂ ಹಿಂಗ ಕೊಯ್ದಿದ್ರ ಮನಿಗೆ ತರಾಕ ಏನೂ ಉಳೀತಿರಲಿಲ್ಲ ಎಂದಳು ದಾಕ್ಷಾಯಿಣಿ. ಕಡೆಗೆ ಗೇಣುದ್ದದ ತುದಿ ಮಾತ್ರ ಕಲೆಯಿಲ್ಲದೆ, ಎಳೆ ಸವತೆಕಾಯಿಯಂತೆ ಹಸಿರಾಗಿ ಉಳಿಯಿತು. ಕೊಯ್ದ ಬಾಯಿಗೆ ಅರಿಷಿಣ ಹಚ್ಚಿ, ಮಾಳಿಗೆಯ ಮೂಲೆಯ ತಗಡಿನ ಚಪ್ಪರದ ನೆರಳಲ್ಲಿ ಒಂದು ತಾಟಿನ ಮೇಲೆ ಇಟ್ಟರು. ಗಾಯ ಮಾಯುವ ತನಕ ಮಣ್ಣೂ ಇಲ್ಲ, ನೀರೂ ಇಲ್ಲ. ಒಂದು ಚೊಂಬು ಬಿದ್ದರೂ ಅದೂ ಹೋಯಿತು.

ನೀರು ಬರುವ ದಿನ ಹತ್ತಿರ ಬರುತ್ತಿತ್ತು. ನಿಜ ಹೇಳಿದರೆ ಓಣಿಯವರ ಮನಸ್ಸು ಮುರಿಯುತ್ತದೆ. ಹೇಳದಿದ್ದರೆ ಗಿಡ ಕೊಳೆಯುತ್ತದೆ. ಸಾವಕಾರರು ದಲಾಲಿ ತಲೆ ಓಡಿಸಿ ನಡುವಿನ ದಾರಿ ಹುಡುಕಿದರು. ಗಿಡಕ್ಕೆ ನೀರು ಹಾಕುವ ಕೆಲಸ ಇನ್ನು ಮೇಲೆ ತಾವೇ ಮಾಡಬೇಕಂತೆ, ಕೈಗೆ ವ್ಯಾಯಾಮವಂತೆ, ಡಾಕ್ಟರು ಹೇಳಿದ್ದಾರೆ ಎಂದು ಸುದ್ದಿ ಬಿಟ್ಟರು.

ನೀರು ಬಂದ ದಿನ ಮಾಳಿಗೆಗೆ ಹೋಗಿ ನೋಡಿದರೆ ತುಂಬಿದ ಬಕೆಟ್ಟುಗಳ ಸಾಲು. ಸಾವಕಾರರು ಭಾರ ಹೊತ್ತು ಹತ್ತಬಾರದೆಂದು ಎಲ್ಲರೂ ನೀರನ್ನು ಮೇಲೆಯೇ ತಂದಿಟ್ಟಿದ್ದರು. ವ್ಯಾಯಾಮ ಸರಿಯಾಗಿ ಆಗುತ್ತದೋ ಇಲ್ಲವೋ ನೋಡಲು ನಿಂತೂ ಇದ್ದರು. ಮೈಲಾರಪ್ಪ ಒಂದು ಚೊಂಬು ತುಂಬಿ ಅವರ ಕೈಗೆ ಕೊಟ್ಟ.

ಸಾವಕಾರರು ಚೊಂಬು ಹಿಡಿದು ನಿಂತೇ ಇದ್ದರು. ಗುಲ್ಜಾರಬಿ ತಾಟಿನ ಮೇಲಿನ ತುಂಡನ್ನು ನೋಡಿದಳು, ಮೂಲೆಯಲ್ಲಿ ಬಿದ್ದ ಕಂದು ಬಿಲ್ಲೆಗಳನ್ನು ನೋಡಿದಳು.

“ಸಾವಕಾರ್ರ, ಮಾಲ್ ನೋಡಿ ಸುಳ್ಳು ಹೇಳಿದವರಲ್ಲ ನೀವು. ಖರೇ ಹೇಳ್ರಿ. ನಾವು ಹಾಕಿದ ನೀರಿಗೇ ಸತ್ವೇನು?”

“ಹೌದವಾ” ಅಂದರು ಸಾವಕಾರರು. “ಒಂದು ಮನಿಯವರು ಹಾಕಿದ್ರ ತಡಕೋತಿದ್ವು. ಇಡೀ ಓಣಿನ ಹಾಕ್ತು. ನನ್ನ ಸಲುವಾಗಿ ಇಷ್ಟು ಮಂದಿ ಮೆಟ್ಟಲಾ ಹತ್ತತೀರಿ ಅಂತ ಆ ಗಿಡಕ್ಕ ಹೆಂಗ ಗೊತ್ತಾಗಬೇಕು? ನನಗೇ ಗೊತ್ತಿರಲಿಲ್ಲ.”

ರೇಣವ್ವ ಮೋರೆ ಕೆಳಗೆ ಹಾಕಿದಳು. ಮೈಲಾರಪ್ಪ ಸಾವಕಾರರ ಕೈಯಿಂದ ಚೊಂಬು ಇಸಿದುಕೊಂಡ.

“ಅಂದ್ರ, ಗಿಡ ಸಾಯಿಸಿದ್ದಕ್ಕ ನಮಗ ಥ್ಯಾಂಕ್ಸ್ ಹೇಳಾಕತ್ತೀರೇನ್ರಿ?”

“ಹೇಳಾಕತ್ತೇನಿ. ಲಗೂ ತಗೋರಿ, ದಿನಾ ಸಿಗೂದಲ್ಲ.”

ಮೊದಲು ನಕ್ಕವಳು ರೇಣವ್ವನೇ. ಆಮೇಲೆ ತಂದ ನೀರನ್ನು ಕೆಳಗೆ ಒಯ್ಯಲು ಯಾರಿಗೂ ಮನಸ್ಸಾಗದೆ, ಎಲ್ಲರೂ ಸೇರಿ ಕೊಳೆತ ಕುಂಡಗಳನ್ನು ಬರಿದು ಮಾಡಿ, ಮಾಳಿಗೆಯನ್ನೇ ತಿಕ್ಕಿ ತೊಳೆದರು. ನೀರು ಹರಿದು ತಗಡಿನ ಕಡೆ ಬರುತ್ತಿದ್ದಂತೆ ಗುಲ್ಜಾರಬಿ ಓಡಿಹೋಗಿ ತಾಟನ್ನು ಎತ್ತಿಕೊಂಡಳು. ಸಾವಕಾರರು ಬೇಡ ಅನ್ನಲಿಲ್ಲ. ತೊಳೆದು ಮುಗಿಯುವ ತನಕ ಅವಳು ಅದನ್ನು ಎದೆಯೆತ್ತರಕ್ಕೆ ಹಿಡಿದು, ಯಾರಾದರೂ ಚೊಂಬು ಹಿಡಿದು ಹತ್ತಿರ ಬಂದರೆ ಗದರುತ್ತ ನಿಂತಳು.

ಗಾಯ ಒಣಗಿ ಗಟ್ಟಿಯಾದ ಮೇಲೆ ತುಂಡನ್ನು ಉಸುಕಿನ ಕುಂಡಕ್ಕೆ ಊರಿದರು. ನೀರು ಬಂದ ದಿನ ಓಣಿಯವರು ಈಗಲೂ ಮಾಳಿಗೆಗೆ ಬರುತ್ತಾರೆ, ಬರಿಗೈಯಲ್ಲಿ. ದಾಕ್ಷಾಯಿಣಿ ಚಹಾ ಮಾಡುತ್ತಾಳೆ. ಒಂದು ದಿನ ಗುಲ್ಜಾರಬಿ, ಒಂದು ಹನಿ ಕಾಣದ ಈ ತುಂಡಿಗೆ ಬೇರು ಎಲ್ಲಿಂದ ಬರಬೇಕು ಎಂದು ಅನುಮಾನಿಸಿದಳು. ನೀವೇ ಮೆಲ್ಲಗೆ ಎಳೆದು ನೋಡಿರಿ ಎಂದರು ಸಾವಕಾರರು. ಮುಳ್ಳು ತಪ್ಪಿಸಿ ಎರಡು ಬೆರಳಲ್ಲಿ ಹಿಡಿದು ಅವಳು ಎಳೆದಳು. ಇನ್ನೊಮ್ಮೆ ಎಳೆದಳು. ತುಂಡು ಉಸುಕನ್ನು ಕಚ್ಚಿ ಹಿಡಿದಿತ್ತು.

“ಬರವಲ್ದು ಸಾವಕಾರ್ರ” ಅಂದಳು.